ಕೊಡಗಿನಲ್ಲಿ ಪ್ಯಾರಾಮೋಟರ್: ಯಾವ ತರಬೇತಿ, ಯಾವ ಎಂಜಿನ್, ಯಾರ ಕೈಯಲ್ಲಿ ಸರ್ವಿಸ್?

"ಅಣ್ಣಾ, ಎಂಜಿನ್ ಮೊದ್ಲು ತಗೊಳ್ಳಲಾ, ಟ್ರೈನಿಂಗ್ ಮೊದ್ಲು ಮಾಡ್ಲಾ?" ಪ್ಯಾರಾಮೋಟರ್, ಅಂದರೆ ಪ್ರೊಪೆಲರ್ ಇರುವ ಎಂಜಿನ್ ಬೆನ್ನಿಗೆ ಕಟ್ಟಿಕೊಂಡು ಬಟ್ಟೆಯ ರೆಕ್ಕೆಯ (ವಿಂಗ್) ಕೆಳಗೆ ತೂಗಿ ಹಾರುವುದು. ಅದನ್ನು ಹಾರಿಸಬೇಕು ಅಂತ ಮನಸ್ಸು ಮಾಡಿದ ನಮ್ಮ ಕಡೆಯ ಹುಡುಗರು ಮೊದಲು ಕೇಳುವುದು ಇದನ್ನೇ. ಹಿಂದೆಯೇ ಉಳಿದ ಪ್ರಶ್ನೆಗಳು ಸಾಲಾಗಿ ಬರುತ್ತವೆ. 80 ಸಿಸಿ ಸಾಕಾ, 185 ಬೇಕಾ? ಕಲಿಯಲು ಪುಣೆ ಹತ್ತಿರದ ಕಾಮ್‌ಶೆಟ್‌ವರೆಗೆ ಹೋಗಲೇಬೇಕಾ, ಇಲ್ಲೇ ಹಾರುವವರ ಜೊತೆ ಕಲಿತರೆ ಆಗಲ್ವಾ? ಎಂಜಿನ್ ಕೈಕೊಟ್ಟರೆ ಗೋಣಿಕೊಪ್ಪದಲ್ಲಿ ಯಾರಾದರೂ ನೋಡಿಕೊಡ್ತಾರಾ, ಬೆಂಗಳೂರಿಗೆ ಕಳಿಸಬೇಕಾ?

ಕೇಳಲು ಬೇರೆ ಬೇರೆ ಪ್ರಶ್ನೆಗಳು. ಆದರೆ ಎಲ್ಲವೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ. ಬೆನ್ನಿಗೆ ಕಟ್ಟಿಕೊಂಡ ಎಂಜಿನ್ ಎಷ್ಟೇ ಒಳ್ಳೆಯದಿರಲಿ, ಒಂದಲ್ಲ ಒಂದು ದಿನ ಗಾಳಿಯಲ್ಲೇ ನಿಲ್ಲುತ್ತದೆ. ಕಡಲ ತೀರದಲ್ಲೋ ಬಯಲುಸೀಮೆಯಲ್ಲೋ ನಿಂತರೆ ಇಳಿದು ನಡೆದುಕೊಂಡು ಬರಬಹುದು. ಕೊಡಗಿನಲ್ಲಿ ಕಾಲ ಕೆಳಗಿರುವುದು ತೋಟ. ಹಾಗಾಗಿ ಇಲ್ಲಿ ತರಬೇತಿಯಾಗಲಿ ಎಂಜಿನ್ ಆಗಲಿ, ಆ ಗಳಿಗೆಯನ್ನು ಮುಂದಿಟ್ಟುಕೊಂಡೇ ಆರಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಯಾವುದನ್ನು ನೋಡಿ ತೂಗಬೇಕು

ಮೊದಲನೆಯದು ಇಳಿಯುವ ಜಾಗ. ಸಾಮಾನ್ಯ ಪ್ಯಾರಾಮೋಟರ್ ವಿಂಗ್ ಎಂಜಿನ್ ನಿಂತ ಮೇಲೆ, ಗಾಳಿ ಇಲ್ಲದ ಹೊತ್ತಿನಲ್ಲಿ, 100 ಮೀಟರ್ ಎತ್ತರದಿಂದ ಸುಮಾರು 600 ಮೀಟರ್ ದೂರ ತೇಲುತ್ತದೆ ಅಂತ ಲೆಕ್ಕ ಹಾಕಬಹುದು. ಎದುರುಗಾಳಿ ಇದ್ದರೆ ಅದೂ ಇಲ್ಲ. ಆ 600 ಮೀಟರ್ ಒಳಗೆ ಏನಿದೆ? ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ, ಕೆಳಗೆ ರೋಬಸ್ಟಾ ಗಿಡ, ತೋಟದ ರಸ್ತೆಯ ಪಕ್ಕದಲ್ಲೇ 11 ಕೆವಿ ಲೈನ್. ನಡುವೆ ಹಳ್ಳದ ಗುಂಟ ಉದ್ದಕ್ಕೆ ಮಲಗಿದ ಗದ್ದೆ. ಆ ಗದ್ದೆಯೇ ನಮ್ಮ ರನ್‌ವೇ. ಅದಕ್ಕೂ ಬದುಗಳಿವೆ, ಮೆಟ್ಟಿಲು ಮೆಟ್ಟಿಲಾಗಿದೆ. ಪುತ್ತರಿ ಕಳೆದು ಕೊಯ್ಲು ಪೂರ್ತಿ ಮುಗಿಯುವ ತನಕ ಅಲ್ಲಿ ಪೈರು ನಿಂತಿರುತ್ತದೆ.

ಎರಡನೆಯದು, ನೀವು ತಪ್ಪು ಮಾಡುವಾಗ ಪಕ್ಕದಲ್ಲಿ ಯಾರಿರುತ್ತಾರೆ ಅನ್ನುವುದು. ಮೂರನೆಯದು, ಎಂಜಿನ್ನಿನ ಎಷ್ಟು ಕೆಲಸ ನಿಮ್ಮ ಕೈಯಲ್ಲೇ ಆಗುತ್ತದೆ, ಬಿಡಿಭಾಗ ಎಷ್ಟು ದಿನದಲ್ಲಿ ಬರುತ್ತದೆ ಅನ್ನುವುದು. ನಾಲ್ಕನೆಯದು ನಮ್ಮ ಮಳೆ, ತೇವ ಮತ್ತು ಎತ್ತರ. ಇದನ್ನು ಎಂಜಿನ್ ಮಾರುವವರು ಯಾರೂ ಹೇಳುವುದಿಲ್ಲ. ಐದನೆಯದು ನಿಮ್ಮ ತೂಕ, ಮಂಡಿ, ಬೆನ್ನು. ದುಡ್ಡಿನ ಮಾತು ಇಷ್ಟೂ ಆದ ಮೇಲೆ. ದುಡ್ಡನ್ನು ಮೊದಲು ನೋಡಿದವರು ಸಾಮಾನ್ಯವಾಗಿ ತರಬೇತಿಯಲ್ಲೇ ಉಳಿಸಲು ನೋಡುತ್ತಾರೆ. ಅಲ್ಲಿ ಮಾತ್ರ ಉಳಿಸಬಾರದು.

ತರಬೇತಿ: ನಾಲ್ಕು ದಾರಿ

ಗೆಳೆಯರ ಜೊತೆ, ವಿಡಿಯೋ ನೋಡಿ ಕಲಿಯುವುದು ಒಂದು. ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ನಿಮ್ಮ ಗೆಳೆಯ ಚೆನ್ನಾಗಿ ಹಾರುವವನೇ ಇರಬಹುದು. ಆದರೆ ಹಾರುವುದು ಬೇರೆ, ಕಲಿಸುವುದು ಬೇರೆ. ಹೊಸಬ ಓಡುವಾಗ ವಿಂಗ್ ಒಂದು ಕಡೆಗೆ ವಾಲಿದರೆ ಥ್ರಾಟಲ್ ಬಿಡು ಅಂತ ಯಾವ ಕ್ಷಣದಲ್ಲಿ ಕೂಗಬೇಕು ಅನ್ನುವುದು ಬಹಳ ಜನರನ್ನು ಓಡಿಸಿ ನೋಡಿದವರಿಗೆ ಮಾತ್ರ ಗೊತ್ತಿರುತ್ತದೆ. ವಿಡಿಯೋಗಳಿಂದ ಎಂಜಿನ್ ಬಿಚ್ಚುವುದನ್ನು ಕಲಿಯಬಹುದು, ಹವಾಮಾನ ಓದುವುದನ್ನು ಕಲಿಯಬಹುದು. ವಿಂಗ್ ತಿರುಗಿಸಲು, ನಿಧಾನ ಮಾಡಲು ಎಳೆಯುವ ಬ್ರೇಕ್ ಹಗ್ಗ ಹಿಡಿದ ಕೈಗೆ ವಿಂಗಿನ ಭಾರ ಹೇಗೆ ತಿಳಿಯುತ್ತದೆ ಅನ್ನುವುದನ್ನು ಯಾವ ವಿಡಿಯೋ ಕಲಿಸುವುದಿಲ್ಲ. ಈ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ, ದುಡ್ಡಿಲ್ಲದವರಿಗೂ ಹೇಳುವುದಿಲ್ಲ.

ಎರಡನೆಯದು, ಎಂಜಿನ್ ಕೊಂಡಾಗ ಅದರ ಜೊತೆಗೇ ಸಿಗುವ ಎರಡು ಮೂರು ದಿನದ ತರಬೇತಿ. ಮಾರುವವರು ಬಂದು ಹೇಗೆ ಸ್ಟಾರ್ಟ್ ಮಾಡಬೇಕು, ಹೇಗೆ ಟೇಕಾಫ್ ಆಗಬೇಕು ಅಂತ ತೋರಿಸಿ, ರೇಡಿಯೋದಲ್ಲಿ ಮಾತಾಡುತ್ತಾ ಒಂದೆರಡು ಸಲ ಹಾರಿಸಿ ಹೋಗುತ್ತಾರೆ. ಬೇರೆ ಕಡೆ ಪೂರ್ತಿ ಕಲಿತು ಬಂದವರಿಗೆ ಇದು ಒಳ್ಳೆಯದೇ. ಹೊಸ ಎಂಜಿನ್ನಿನ ಗುಣ ಪರಿಚಯವಾಗುತ್ತದೆ. ಏನೂ ಕಲಿಯದವರಿಗೆ ಇದು ಸಾಲುವುದೇ ಇಲ್ಲ. ಮೂರು ದಿನದಲ್ಲಿ ಮೇಲೆ ಹೋಗುವುದನ್ನು ಕಲಿಯುತ್ತೀರಿ, ಎಂಜಿನ್ ಇಲ್ಲದೆ ಹೇಳಿದ ಜಾಗಕ್ಕೆ ಇಳಿಯುವುದನ್ನು ಕಲಿಯುವುದಿಲ್ಲ.

ಮೂರನೆಯದು, ಎಂಜಿನ್ ಇಲ್ಲದ ಪ್ಯಾರಾಗ್ಲೈಡಿಂಗ್ ಮೊದಲು ಕಲಿತು ಆಮೇಲೆ ಮೋಟರ್ ಕಟ್ಟುವುದು. ಪುಣೆ ಹತ್ತಿರದ ಕಾಮ್‌ಶೆಟ್, ಹಿಮಾಚಲದ ಬೀರ್–ಬಿಲ್ಲಿಂಗ್ ಇದಕ್ಕೆ ಹೆಸರಾದ ಜಾಗಗಳು. 2015ರಲ್ಲಿ ಪ್ಯಾರಾಗ್ಲೈಡಿಂಗ್ ವರ್ಲ್ಡ್ ಕಪ್ ನಡೆದದ್ದು ಬೀರ್‌ನಲ್ಲೇ. ಅಲ್ಲಿ ಪಿ1, ಪಿ2, ಪಿ3 ಅಂತ ಮೆಟ್ಟಿಲು ಮೆಟ್ಟಿಲಾಗಿ ಕಲಿಸುತ್ತಾರೆ. ಗುಡ್ಡದಿಂದ ಎಂಜಿನ್ ಇಲ್ಲದೆ ಹಾರಿದವರಿಗೆ ಪ್ರತಿ ಇಳಿತವೂ ಎಂಜಿನ್ ನಿಂತ ಇಳಿತವೇ ಅಲ್ವಾ? ಗುರಿ ನೋಡಿ, ಎತ್ತರ ಕಳೆದು, ಗಾಳಿಗೆ ಮುಖ ಮಾಡಿ ಇಳಿಯುವುದು ಅವರಿಗೆ ರೂಢಿಯಾಗಿರುತ್ತದೆ. ಮುಂದೆ ಬೇಟೋಳಿಯಲ್ಲೋ ಬಾಳೆಲೆಯಲ್ಲೋ ಎಂಜಿನ್ ನಿಂತಾಗ ಕೈ ನಡುಗುವುದಿಲ್ಲ. ತೊಂದರೆ ಅಂದರೆ ಸಮಯ ಮತ್ತು ದೂರ. ಎರಡು ಹಂತ, ಎರಡು ಸಲ ರಜೆ, ಊಟ ವಸತಿಯ ಖರ್ಚು. ಕಾಫಿ ಕೊಯ್ಲಿನ ಹೊತ್ತಿಗೆ ತೋಟ ಬಿಟ್ಟು ಹೋಗಲು ಆಗುವುದಿಲ್ಲ ಅನ್ನುವವರಿಗೆ ಅಕ್ಟೋಬರ್–ನವೆಂಬರ್ ಸರಿಯಾದ ಸಮಯ. ಅಷ್ಟು ಹೊತ್ತಿಗೆ ಅಲ್ಲೂ ಮಳೆ ಮುಗಿದು ಸೀಸನ್ ಶುರುವಾಗಿರುತ್ತದೆ.

ನಾಲ್ಕನೆಯದು, ಮೊದಲ ದಿನದಿಂದಲೇ ಪ್ಯಾರಾಮೋಟರ್ ಕಲಿಸುವ ಪೂರ್ತಿ ಕೋರ್ಸ್. ಗುಡ್ಡ ಬೇಡ, ಬಯಲಿನಲ್ಲೇ ಆಗುತ್ತದೆ. ಮೋಟರ್ ಮಾತ್ರ ಬೇಕು ಅನ್ನುವವರಿಗೆ ಸಮಯ ಉಳಿಯುತ್ತದೆ. ಒಳ್ಳೆಯ ಶಾಲೆಯಲ್ಲಿ ಮೊದಲ ಕೆಲವು ದಿನ ಎಂಜಿನ್ ಮುಟ್ಟಲು ಬಿಡುವುದಿಲ್ಲ. ನೆಲದ ಮೇಲೆ ವಿಂಗ್ ಎತ್ತುವುದು, ನಿಲ್ಲಿಸುವುದು, ಇಳಿಸುವುದು, ಮತ್ತೆ ಎತ್ತುವುದು, ಅಷ್ಟೇ. ಫೋನ್ ಮಾಡಿದಾಗ ಎರಡು ಪ್ರಶ್ನೆ ಕೇಳಿ. ಗ್ರೌಂಡ್ ಹ್ಯಾಂಡ್ಲಿಂಗ್, ಅಂದರೆ ಈ ನೆಲದ ಮೇಲಿನ ಅಭ್ಯಾಸ, ಎಷ್ಟು ಗಂಟೆ ಮಾಡಿಸುತ್ತೀರಿ? ಮೇಲೆ ಎಂಜಿನ್ ಆಫ್ ಮಾಡಿ ಗುರುತು ಹಾಕಿದ ಜಾಗಕ್ಕೆ ಎಷ್ಟು ಸಲ ಇಳಿಸುತ್ತೀರಿ? ಇವಕ್ಕೆ ನೇರ ಉತ್ತರ ಕೊಡದವರಲ್ಲಿ ಕಲಿಯಬೇಡಿ.

ಮೂರು ಮತ್ತು ನಾಲ್ಕರ ನಡುವೆ ಆರಿಸುವುದಾದರೆ, ಕೊಡಗಿನಲ್ಲೇ ಹಾರುವವರಿಗೆ ನಾನು ಮೂರನೆಯದನ್ನು ಹೇಳುತ್ತೇನೆ. ವಾರಾಂತ್ಯಕ್ಕೆ ಕಣ್ಣೂರಿನ ಕಡಲ ತೀರಕ್ಕೋ ಮೈಸೂರಿನ ಕಡೆಯ ಬಯಲಿಗೋ ಹೋಗಿ ಹಾರುವವರಿಗೆ ನಾಲ್ಕನೆಯದು ಸಾಕು.

ಈಗಾಗಲೇ ಹಾರುತ್ತಿರುವವರಿಗೂ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹಾರುವ ಮಾತೇ ಇಲ್ಲ. ನಾಲ್ಕೈದು ತಿಂಗಳು ಕೈ ಬಿಟ್ಟಿರುತ್ತದೆ. ಮಳೆ ನಿಂತ ಮೊದಲ ಬೆಳಿಗ್ಗೆಯೇ ಎಂಜಿನ್ ಕಟ್ಟಿ ಓಡುವುದಲ್ಲ. ಮೊದಲು ಎರಡು ಮೂರು ದಿನ ಬರೀ ವಿಂಗ್ ಹಿಡಿದು ಗದ್ದೆಯಲ್ಲೋ ಆಟದ ಮೈದಾನದಲ್ಲೋ ಗ್ರೌಂಡ್ ಹ್ಯಾಂಡ್ಲಿಂಗ್ ಮಾಡಿ. ಒಂದೆರಡು ಸೀಸನ್ ಹಾರಿದ ಮೇಲೆ, ವಿಂಗ್ ಮಡಚಿಕೊಂಡರೆ ಏನು ಮಾಡಬೇಕು ಅಂತ ನೀರಿನ ಮೇಲೆ ಕಲಿಸುವ ಎಸ್‌ಐವಿ ಕೋರ್ಸಿಗೆ ಹೋಗಿ. ಎಂಜಿನ್ನಿನ ಕಾರ್ಬನ್ ಪ್ರೊಪೆಲರಿಗೆ ಎತ್ತಿಟ್ಟ ದುಡ್ಡಿದ್ದರೆ ಅದನ್ನು ಇದಕ್ಕೆ ಹಾಕಿ.

ಯಾವ ತರಬೇತಿಯಾದರೂ ಇವು ಇರಲೇಬೇಕು

ಪ್ಯಾರಾಮೋಟರಿನಲ್ಲಿ ಕೆಟ್ಟ ಗಾಯಗಳು ಎಷ್ಟೋ ಸಲ ನೆಲದ ಮೇಲೇ ಆಗುತ್ತವೆ. ಎಂಜಿನ್ ನೆಲದ ಮೇಲಿಟ್ಟು ಹಗ್ಗ ಎಳೆಯುತ್ತೀರಿ. ಥ್ರಾಟಲ್ ಕೇಬಲ್ ಎಲ್ಲೋ ಸಿಕ್ಕಿಕೊಂಡು ತೆರೆದೇ ಇರುತ್ತದೆ. ಎಂಜಿನ್ ಹೊತ್ತಿಕೊಂಡ ಕೂಡಲೇ ಪೂರ್ತಿ ಸ್ಪೀಡಿನಲ್ಲಿ ನಿಮ್ಮ ಮೇಲೇ ನುಗ್ಗುತ್ತದೆ. ತಡೆಯಲು ಕೈ ಮುಂದೆ ಹೋಗುತ್ತದೆ, ಪ್ರೊಪೆಲರಿನ ಮುಂದೆ ಫ್ರೇಮಿಗೆ ಕಟ್ಟಿದ ಬಲೆ ಒಳಕ್ಕೆ ಒತ್ತಿಕೊಂಡು ಬೆರಳು ಪ್ರೊಪೆಲರಿಗೆ ಸಿಗುತ್ತದೆ. ಹಗ್ಗ ಎಳೆಯುವ ಮುಂಚೆ ಥ್ರಾಟಲ್ ಕೈಯಲ್ಲಿರಬೇಕು, ಒತ್ತಿ ಬಿಟ್ಟರೆ ತಾನಾಗಿ ವಾಪಸ್ ಬರುತ್ತದಾ ನೋಡಬೇಕು, ಹೆಬ್ಬೆರಳು ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಮೇಲಿರಬೇಕು, ಫ್ರೇಮನ್ನು ಇನ್ನೊಬ್ಬರು ಗಟ್ಟಿಯಾಗಿ ಹಿಡಿದಿರಬೇಕು. ಪ್ರೊಪೆಲರಿನ ಎಡಬಲದ ಸಾಲಿನಲ್ಲಿ ಯಾರೂ ನಿಂತಿರಬಾರದು. ನೋಡಲು ಬಂದ ಮಕ್ಕಳು, ನಾಯಿ, ಎಲ್ಲರೂ ದೂರ. ನೆಲದ ಮೇಲೆ ಎಂಜಿನ್ ರೇಸ್ ಮಾಡಿ ಟ್ಯೂನ್ ಮಾಡುವುದಂತೂ ಬೇಡವೇ ಬೇಡ. ಫ್ರೇಮನ್ನು ಮರಕ್ಕೋ ಕಂಬಕ್ಕೋ ಬಿಗಿದು ಕಟ್ಟಿದ ಮೇಲೆ ಮಾತ್ರ ಅದು.

ನೀರು ಇನ್ನೊಂದು. ಹಾರಂಗಿ ಹಿನ್ನೀರಿನ ಮೇಲೆ ಕಾಲು ತಾಗಿಸುತ್ತಾ ಹೋಗುವುದು ವಿಡಿಯೋದಲ್ಲಿ ಚೆಂದ. 25 ಕಿಲೋ ಎಂಜಿನ್ ಬೆನ್ನಿಗೆ ಬಿಗಿದುಕೊಂಡು ನೀರಿಗೆ ಬಿದ್ದರೆ, ಈಜು ಬರುವವರೂ ತಲೆ ಮೇಲೆತ್ತಲು ಆಗುವುದಿಲ್ಲ. ನೀರಿನ ಮೇಲೆ ಹೋಗುವುದಾದರೆ ಎಂಜಿನ್ ನಿಂತರೂ ದಡ ಮುಟ್ಟುವಷ್ಟು ಎತ್ತರ ಇರಬೇಕು. ಫ್ರೇಮಿಗೆ ಕಟ್ಟುವ, ನೀರು ತಾಗಿದರೆ ತಾನಾಗಿ ಊದಿಕೊಳ್ಳುವ ಫ್ಲೋಟ್ ಸಿಗುತ್ತದೆ. ನದಿ, ಕೆರೆ ಹತ್ತಿರ ಹಾರುವ ಎಲ್ಲರೂ ಅದನ್ನು ಕೊಳ್ಳಲೇಬೇಕು.

ಕರೆಂಟ್ ತಂತಿ ಮೇಲಿಂದ ಕಾಣುವುದಿಲ್ಲ. ಕಂಬ ಕಾಣುತ್ತದೆ. ಎರಡು ಕಂಬ ಕಂಡರೆ ನಡುವೆ ತಂತಿ ಇದೆ ಅಂತಲೇ ತಿಳಿಯಿರಿ. ದಾಟಲೇಬೇಕಾದರೆ ಕಂಬದ ಮೇಲೆಯೇ ದಾಟಿ, ಅಲ್ಲಿ ಎತ್ತರ ಎಷ್ಟು ಅಂತ ಕಣ್ಣಿಗೆ ತಿಳಿಯುತ್ತದೆ. ಇಳಿಯುವ ಗದ್ದೆಯನ್ನು ಹಿಂದಿನ ದಿನ ಕಾಲ್ನಡಿಗೆಯಲ್ಲಿ ಸುತ್ತಿ ನೋಡಿದವರಿಗೆ ಮಾತ್ರ ಪಂಪ್‌ಸೆಟ್ಟಿಗೆ ಎಳೆದ ತಂತಿ ಎಲ್ಲಿದೆ ಅಂತ ಗೊತ್ತಿರುತ್ತದೆ.

ಟ್ರಿಮ್ (ವಿಂಗಿನ ವೇಗ ಹೆಚ್ಚು ಕಡಿಮೆ ಮಾಡುವ ಪಟ್ಟಿ) ಇರುವ ರಿಫ್ಲೆಕ್ಸ್ ವಿಂಗ್, ಅಂದರೆ ಹಿಂದಿನ ಅಂಚು ಮೇಲಕ್ಕೆ ಬಾಗಿದ ವೇಗದ ವಿಂಗ್ ಕೊಂಡಿದ್ದರೆ, ಟ್ರಿಮ್ ಪೂರ್ತಿ ಬಿಟ್ಟು ವೇಗವಾಗಿ ಹೋಗುವಾಗ ಮುಖ್ಯ ಬ್ರೇಕ್ ಎಳೆಯಬಾರದು ಅನ್ನುವುದನ್ನು ಕಲಿಸಿದ್ದಾರಾ ನೋಡಿ. ಮೊದಲ ವಿಂಗ್ ಯೂರೋಪಿನ ಸುರಕ್ಷತಾ ಪರೀಕ್ಷೆಯ ಇಎನ್ ಎ ಅಥವಾ ಸುಲಭದ ಇಎನ್ ಬಿ ದರ್ಜೆಯದೇ ಇರಲಿ.

ಗಾಳಿಯ ವಿಚಾರದಲ್ಲಿ ನಮ್ಮ ಊರಿನ ಲೆಕ್ಕವೇ ಬೇರೆ. ಡಿಸೆಂಬರ್–ಜನವರಿಯಲ್ಲಿ ಮಂಜು ಸರಿದ ಮೇಲಿನ ಒಂದೆರಡು ಗಂಟೆ ಗಾಳಿ ನಿಶ್ಚಲ. ಫೆಬ್ರವರಿ ದಾಟಿದರೆ ಬೆಳಿಗ್ಗೆ ಹತ್ತಕ್ಕೆಲ್ಲ ಬಿಸಿಗಾಳಿ ಏಳುತ್ತದೆ. ಮಾರ್ಚ್–ಏಪ್ರಿಲ್‌ನ, ಕಾಫಿ ಹೂ ಅರಳಿಸುವ ಹೂಮಳೆಯ ದಿನಗಳಲ್ಲಿ ಮಧ್ಯಾಹ್ನದ ಮೋಡ ಬೆಳೆಯುವ ವೇಗ ನೋಡಿದವರು ಆ ಹೊತ್ತಿಗೆ ಹಾರುವ ಯೋಚನೆ ಮಾಡುವುದಿಲ್ಲ. ಪಶ್ಚಿಮದಿಂದ ಗಾಳಿ ಜೋರಾಗಿ ಬರುವಾಗ ಬೆಟ್ಟಸಾಲಿನ ಈಚೆ ಬದಿಯ ಕಣಿವೆಗಳಲ್ಲಿ ಗಾಳಿ ಸುರುಳಿ ಸುತ್ತುತ್ತದೆ. ಅಲ್ಲಿ ಸಣ್ಣ ಎಂಜಿನ್ನೂ ಅಷ್ಟೇ, ದೊಡ್ಡದೂ ಅಷ್ಟೇ.

ಎಂಜಿನ್: ಸಿಸಿ ನೋಡುವ ಮುಂಚೆ ತೂಕ ನೋಡಿ

80 ಸಿಸಿ ವರ್ಗದಲ್ಲಿ ವಿಟ್ಟೊರಾಜಿಯ ಆಟಮ್ 80, ಹಳೆಯ ಟಾಪ್ 80 ಹೆಸರು ಮಾಡಿವೆ. ಹಗುರ, ಗಂಟೆಗೆ ಎರಡು ಎರಡೂವರೆ ಲೀಟರ್ ಪೆಟ್ರೋಲ್, ಕ್ಲಚ್ ಇರುವುದರಿಂದ ಐಡಲ್‌ನಲ್ಲಿ ಪ್ರೊಪೆಲರ್ ತಿರುಗುವುದಿಲ್ಲ. 55ರಿಂದ 70 ಕಿಲೋ ತೂಕದವರಿಗೆ ಇದು ನಿಜಕ್ಕೂ ಚೆನ್ನ. ಬೆನ್ನಿಗೆ ಹಗುರ ಅಂದರೆ ಓಡುವುದು ಸುಲಭ, ಎಡವಿದರೂ ಪೆಟ್ಟು ಕಡಿಮೆ. ಆದರೆ ನಮ್ಮ ಎತ್ತರವನ್ನು ಲೆಕ್ಕಕ್ಕೆ ಹಿಡಿಯಿರಿ. ಎತ್ತರ ಹೋದಂತೆ ಗಾಳಿ ತೆಳುವಾಗುತ್ತದೆ, ಪ್ರತಿ 300 ಮೀಟರಿಗೆ ಸುಮಾರು ಮೂರು ಪರ್ಸೆಂಟ್ ಶಕ್ತಿ ಹೋಗುತ್ತದೆ. ಕುಶಾಲನಗರ 800 ಮೀಟರಿಗಿಂತ ಸ್ವಲ್ಪ ಜಾಸ್ತಿ, ಮಡಿಕೇರಿ 1,150 ಮೀಟರಿನ ಆಸುಪಾಸು. ಅಂದರೆ ಮಡಿಕೇರಿಯಲ್ಲಿ ಸುಮಾರು ಹತ್ತನೇ ಒಂದು ಭಾಗ ಶಕ್ತಿ ಹೊರಡುವ ಮುಂಚೆಯೇ ಇಲ್ಲ. 85 ಕಿಲೋ ಇರುವವರು 80 ಸಿಸಿ ಕಟ್ಟಿ, ಬದುಗಳಿರುವ ಗಿಡ್ಡ ಗದ್ದೆಯಿಂದ ಎದ್ದು ಸಿಲ್ವರ್ ಓಕ್ ದಾಟಲು ನೋಡುವುದು ಅಪಾಯ.

ನಡುವಿನ ವರ್ಗ, ಅಂದರೆ 125ರಿಂದ 150 ಸಿಸಿ. ಪೊಲಿನಿ ಥಾರ್ 130 ಇಲ್ಲಿ ಬರುತ್ತದೆ. ಕ್ಲಚ್ ಇದೆ, ಪ್ರೊಪೆಲರಿನ ವೇಗ ಇಳಿಸುವ ರಿಡಕ್ಷನ್ ಗೇರ್ ಆಯಿಲಿನಲ್ಲಿ ಮುಳುಗಿರುತ್ತದೆ, ಬೆಲ್ಟ್ ಬಿಗಿ ನೋಡುವ ಕೆಲಸವಿಲ್ಲ. 65ರಿಂದ 85 ಕಿಲೋ ಇರುವ ಹೆಚ್ಚಿನವರಿಗೆ ಕೊಡಗಿನಲ್ಲಿ ಇದೇ ಸರಿ ಹೊಂದುತ್ತದೆ ಅಂತ ನನ್ನ ಅನಿಸಿಕೆ. ಮರ ದಾಟುವಷ್ಟು ಎಳೆತ ಇದೆ, ಹೊಸಬರ ಕೈಗೆ ಮೀರಿದ್ದೂ ಅಲ್ಲ.

185 ಸಿಸಿ ಮತ್ತು ಮೇಲಿನದು. ವಿಟ್ಟೊರಾಜಿ ಮೊಸ್ಟರ್ 185 ಲೋಕದ ತುಂಬ ಓಡುತ್ತಿರುವ ಎಂಜಿನ್, ಸುಮಾರು 25 ಹಾರ್ಸ್‌ಪವರ್. ಅದರ ದೊಡ್ಡ ಲಾಭ ಬಿಡಿಭಾಗ ಎಲ್ಲೆಡೆ ಸಿಗುವುದು, ಬಿಚ್ಚಿ ಜೋಡಿಸಿದವರು ಎಲ್ಲೆಡೆ ಇರುವುದು. 80 ಕಿಲೋ ಮೇಲಿನವರಿಗೆ, ಮಡಿಕೇರಿಯಂಥ ಎತ್ತರದಲ್ಲಿ ಹಾರುವವರಿಗೆ ಇದೇ ಬೇಕಾಗಬಹುದು. ಆದರೆ 60 ಕಿಲೋ ಹುಡುಗ ಇದನ್ನು ಕಟ್ಟಿ ಒಮ್ಮೆಲೇ ಪೂರ್ತಿ ಥ್ರಾಟಲ್ ಕೊಟ್ಟರೆ ಎಂಜಿನ್ನಿನ ತಿರುಚು ಬಲಕ್ಕೆ ಮೈ ಒಂದು ಕಡೆಗೆ ತಿರುಗುತ್ತದೆ. ಅದನ್ನು ಬ್ರೇಕ್‌ನಿಂದ ಸರಿಮಾಡಲು ಹೋದರೆ ವಿಂಗ್ ನಿಧಾನವಾಗಿ, ನೆಲಕ್ಕೆ ಹತ್ತಿರದಲ್ಲೇ ಸ್ಟಾಲ್ ಆಗುವ, ಅಂದರೆ ಹಾರುವ ಬಲ ಕಳೆದುಕೊಂಡು ಬೀಳುವ ಅಪಾಯ. ಜಾಸ್ತಿ ಪವರ್ ಇದ್ದರೆ ಜಾಸ್ತಿ ಸೇಫ್ ಅನ್ನುವುದು ಹೊಸಬರಲ್ಲಿ ಬಹಳ ಇರುವ ತಪ್ಪು ತಿಳುವಳಿಕೆ.

ಮೇಲೆ ಹೇಳಿದವೆಲ್ಲ ಟೂ ಸ್ಟ್ರೋಕ್. ಫೋರ್ ಸ್ಟ್ರೋಕ್ ಕೂಡ ಇದೆ, ಬ್ರಿಟನ್ನಿನ ಬೇಯ್ಲಿ ಅದಕ್ಕೆ ಹೆಸರಾದದ್ದು. ಪೆಟ್ರೋಲಿಗೆ ಆಯಿಲ್ ಮಿಕ್ಸ್ ಮಾಡುವುದು ಬೇಡ, ಸದ್ದು ಕಡಿಮೆ, ಪೆಟ್ರೋಲ್ ಕಡಿಮೆ. ತೂಕ ಜಾಸ್ತಿ, ಇಲ್ಲಿ ಬಿಡಿಭಾಗ ಹುಡುಕುವುದು ಕಷ್ಟ. ಮೊದಲ ಎಂಜಿನ್ ಆಗಿ ಬೇಡ.

ಎಲೆಕ್ಟ್ರಿಕ್ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಕಾರ್ಬುರೇಟರ್ ಇಲ್ಲ, ಪ್ಲಗ್ ಇಲ್ಲ, ಗಾಳಿಯಲ್ಲಿ ನಿಲ್ಲಿಸಿ ಮತ್ತೆ ಬಟನ್ ಒತ್ತಿದರೆ ತಿರುಗುತ್ತದೆ. ಎತ್ತರಕ್ಕೆ ಟ್ಯೂನಿಂಗ್ ಬೇಡ. ಸದ್ದು ಬಹಳ ಕಡಿಮೆ, ತೋಟದ ನೆರೆಹೊರೆಯವರ ಜೊತೆ ಜಗಳ ಬರುವುದಿಲ್ಲ. ಆದರೆ ಬ್ಯಾಟರಿ ಭಾರ, ಬೆಲೆ ಜಾಸ್ತಿ, ಒಂದು ಚಾರ್ಜಿಗೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಗದ್ದೆಯ ಸುತ್ತಲೇ ಬೆಳಗಿನ ಹೊತ್ತು ಹಾರಿ ಇಳಿಯುವವರಿಗೆ, ಎಂಜಿನ್ ಕೆಲಸದಲ್ಲಿ ಕೈ ಕಪ್ಪು ಮಾಡಿಕೊಳ್ಳಲು ಇಷ್ಟವಿಲ್ಲದವರಿಗೆ ಇದನ್ನು ಮನಸ್ಸಿಟ್ಟು ನೋಡಿ ಅಂತ ಹೇಳುತ್ತೇನೆ. ಪೊನ್ನಂಪೇಟೆಯಿಂದ ಕುಟ್ಟದ ಕಡೆಗೆ ದೂರ ಹೋಗುವ ಆಸೆ ಇರುವವರಿಗೆ ಅಲ್ಲ.

ಓಡಿ ಏಳುವುದಾ, ಗಾಲಿ ಇರುವ ಟ್ರೈಕ್ ಮೇಲೆ ಕೂತು ಏಳುವುದಾ ಅನ್ನುವುದೂ ಇಲ್ಲೇ ಬರುತ್ತದೆ. ಮಂಡಿ ನೋವಿರುವವರಿಗೆ, ಐವತ್ತೈದು ದಾಟಿದವರಿಗೆ ಟ್ರೈಕ್ ಒಳ್ಳೆಯದು. ಆದರೆ ಅದಕ್ಕೆ ಸಮತಟ್ಟಾದ ನೆಲ ಬೇಕು. ಕುಶಾಲನಗರ, ಸೋಮವಾರಪೇಟೆ ಕಡೆ ಅಂಥ ನೆಲ ಸಿಕ್ಕೀತು. ಬದುಗಳಿರುವ ಗದ್ದೆಯಲ್ಲಿ ಎಂಜಿನ್ ನಿಂತು ಇಳಿಯಬೇಕಾದರೆ ಟ್ರೈಕ್ ಮಗುಚಿಕೊಳ್ಳುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುವವರು ಗಂಟೆ ಮೀಟರನ್ನು ಮಾತ್ರ ನಂಬಬೇಡಿ. ಸೈಲೆನ್ಸರ್ ಬಿಚ್ಚಿಸಿ, ಎಕ್ಸಾಸ್ಟ್ ಪೋರ್ಟ್ ಒಳಗೆ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ಪಿಸ್ಟನ್ನಿನ ಮೈ ನುಣ್ಣಗಿದ್ದರೆ ಸರಿ. ಮೇಲಿಂದ ಕೆಳಗೆ ಗೀರು ಬಿದ್ದಿದ್ದರೆ ಆ ಎಂಜಿನ್ ಒಮ್ಮೆ ಸೀಜ್ ಆಗಿದೆ (ಪಿಸ್ಟನ್ ಕಚ್ಚಿಕೊಂಡು ನಿಂತಿದೆ) ಅಥವಾ ಆಗುವ ಹಂತಕ್ಕೆ ಬಂದಿದೆ. ಇದನ್ನು ಬಿಚ್ಚಲು ಒಪ್ಪದ ಮಾರಾಟಗಾರರಿಂದ ಕೊಳ್ಳಬೇಡಿ. ಹಳೆಯ ವಿಂಗ್ ಆದರೆ ಬಟ್ಟೆಯ ಮೂಲಕ ಗಾಳಿ ಎಷ್ಟು ಸೋರುತ್ತದೆ, ಲೈನ್‌ಗಳ, ಅಂದರೆ ವಿಂಗಿನ ಹಗ್ಗಗಳ ಉದ್ದ ಸರಿ ಇದೆಯಾ ಅನ್ನುವ ಪರೀಕ್ಷೆಯ ರಿಪೋರ್ಟ್ ಕೇಳಿ.

ಎಂಜಿನ್ ಆರೈಕೆ: ನೀವಾ, ಗೋಣಿಕೊಪ್ಪದ ಮೆಕ್ಯಾನಿಕ್ಕಾ, ಕಂಪನಿಯವರಾ?

ಇಲ್ಲಿ ಕೊಡಗಿನವರಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ. ಪ್ರತಿ ತೋಟದಲ್ಲೂ ವೀಡ್ ಕಟ್ಟರ್ ಇದೆ, ಚೈನ್ ಸಾ ಇದೆ, ಸ್ಪ್ರೇಯರ್ ಇದೆ. ಹೆಚ್ಚಿನವು ಟೂ ಸ್ಟ್ರೋಕ್. ಅವುಗಳ ಕಾರ್ಬುರೇಟರ್ ಬಹಳ ಪ್ಯಾರಾಮೋಟರ್‌ಗಳಲ್ಲಿರುವ ಜಾತಿಯದೇ, ಒಳಗೆ ಡಯಾಫ್ರಮ್ ಅನ್ನುವ ತೆಳ್ಳನೆಯ ಪೊರೆ ಇರುವಂಥದ್ದು. ಹಾಗಾಗಿ ಆಯಿಲ್ ಮಿಕ್ಸ್ ಅಂದರೆ ಏನು ಅಂತ ನಮ್ಮ ಹುಡುಗರಿಗೆ ಹೇಳಿಕೊಡಬೇಕಾಗಿಲ್ಲ. ಗೋಣಿಕೊಪ್ಪದ ಅಂಗಡಿಯೊಂದರಲ್ಲಿ ಒಬ್ಬರು ಕಾರ್ಬುರೇಟರಿನ ಮುಚ್ಚಳ ತೆಗೆದು ಡಯಾಫ್ರಮನ್ನು ಬೆರಳ ತುದಿಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಒಡ್ಡುವುದನ್ನು ನೋಡಿದ್ದೇನೆ. ಹೊಸದು ಮೆತ್ತಗೆ, ಸಪಾಟಾಗಿರುತ್ತದೆ. ಅವರ ಕೈಯಲ್ಲಿದ್ದದ್ದು ಅಂಚಿನಲ್ಲಿ ಅಲೆ ಅಲೆಯಾಗಿ ಮುರುಟಿತ್ತು, ಬಗ್ಗಿಸಿದರೆ ಒಣ ಎಲೆಯ ಹಾಗೆ ಸಣ್ಣಗೆ ಸದ್ದು ಮಾಡುತ್ತಿತ್ತು. ಕೆಳಗಿನ ಲೋಹದ ಮೇಲೆ ಹಸಿರು ಮಿಶ್ರಿತ ಬಿಳಿ ಪುಡಿ. ಇಡೀ ಮಳೆಗಾಲ ಪೆಟ್ರೋಲ್ ಒಳಗೇ ಬಿಟ್ಟಿದ್ದರ ಫಲ. ಇಂಥದ್ದನ್ನು ಗುರುತಿಸುವ ಕಣ್ಣು ನಮ್ಮ ಮೆಕ್ಯಾನಿಕ್‌ಗಳಿಗೆ ಇದೆ.

ಆದರೆ ಅವರ ಕೈಗೆ ಪೂರ್ತಿ ಬಿಡಬಾರದ ಕೆಲಸಗಳೂ ಇವೆ. ವೀಡ್ ಕಟ್ಟರ್ ನಿಂತರೆ ಕೆಲಸ ನಿಲ್ಲುತ್ತದೆ, ಅಷ್ಟೇ. ಅದಕ್ಕೆ ಕಿವಿಯಲ್ಲಿ ಕೇಳಿ ಟ್ಯೂನ್ ಮಾಡಿದರೆ ಸಾಕು. ಪ್ಯಾರಾಮೋಟರ್ ಎಂಜಿನ್ ನಿಮಿಷಗಟ್ಟಲೆ ಪೂರ್ತಿ ಭಾರದಲ್ಲಿ ಓಡುತ್ತದೆ. ಅದಕ್ಕೆ ಸಿಲಿಂಡರ್ ಹೆಡ್ಡಿನ ಬಿಸಿ ತೋರಿಸುವ ಮೀಟರ್ ಬೇಕು, ಕಂಪನಿ ಹೇಳಿದ ಮಿತಿ ದಾಟುತ್ತದಾ ನೋಡಬೇಕು. ಇನ್ನೊಂದು, ಪ್ರೊಪೆಲರ್ ಹಿಂದಿರುವುದರಿಂದ ಸಡಿಲವಾದ ಪ್ರತಿ ಬೋಲ್ಟು, ಸ್ಪ್ರಿಂಗು ನೇರ ಅದಕ್ಕೇ ಹೋಗಿ ಬಡಿಯುತ್ತದೆ. ಪ್ರೊಪೆಲರ್ ಬೋಲ್ಟನ್ನು ಕೈ ಬಲಕ್ಕೆ ಬಿಗಿಯುವುದಲ್ಲ. ಟಾರ್ಕ್ ರೆಂಚ್ ಹಾಕಿ, ಪುಸ್ತಕದಲ್ಲಿ ಬರೆದಷ್ಟೇ. ಜಾಸ್ತಿ ಬಿಗಿದರೆ ಮರದ ಪ್ರೊಪೆಲರಿನ ನಡುಭಾಗ ನಜ್ಜಾಗುತ್ತದೆ.

ನಾನು ಹೇಳುವ ಹಂಚಿಕೆ ಇದು. ಪ್ರತಿ ಹಾರಾಟಕ್ಕೆ ಮುಂಚಿನ ತಪಾಸಣೆ, ಪ್ಲಗ್, ಫಿಲ್ಟರ್, ಬೆಲ್ಟ್ ಬಿಗಿ ಅಥವಾ ಗೇರ್ ಆಯಿಲ್, ಸೈಲೆನ್ಸರಿನ ರಬ್ಬರ್ ಮತ್ತು ಸ್ಪ್ರಿಂಗ್, ಬಲೆ, ಹಗ್ಗ, ಇವೆಲ್ಲ ನಿಮ್ಮದೇ ಕೆಲಸ. ಬೇರೆಯವರಿಗೆ ಬಿಡಬೇಡಿ. ಸೈಲೆನ್ಸರ್ ರಬ್ಬರಿನಲ್ಲಿ ಕೂದಲೆಳೆ ಬಿರುಕು ಕಂಡರೂ ಅವತ್ತು ಹಾರಾಟ ಇಲ್ಲ. ಕಾರ್ಬುರೇಟರ್ ತೊಳೆಯುವುದು, ಡಯಾಫ್ರಮ್ ಬದಲಿಸುವುದು ಪಕ್ಕದ ಪೇಟೆಯ ಒಳ್ಳೆಯ ಮೆಕ್ಯಾನಿಕ್ ಹತ್ತಿರ ಆಗುತ್ತದೆ. ಆದರೆ ಕಿಟ್ ನೀವೇ ಕೊಂಡು ಕೊಡಿ, ನಿಮ್ಮ ಎಂಜಿನ್ನಿಗೆ ಹೇಳಿದ್ದೇ ಆಗಬೇಕು. ಪಿಸ್ಟನ್, ರಿಂಗ್, ಬೇರಿಂಗ್, ಕ್ರ್ಯಾಂಕ್, ಕ್ಲಚ್ ಬಂದಾಗ ಆ ಎಂಜಿನ್ ಬಲ್ಲವರಿಗೇ ಕಳಿಸಿ. ಬಿಡಿಭಾಗ ಇಟಲಿಯಿಂದ ಬರುವುದು ತಡವಾಗುತ್ತದೆ, ಅದಕ್ಕೇ ಎರಡು ಪ್ಲಗ್, ಒಂದು ಡಯಾಫ್ರಮ್ ಕಿಟ್, ಒಂದು ಸ್ಟಾರ್ಟರ್ ಹಗ್ಗ, ಸೈಲೆನ್ಸರ್ ರಬ್ಬರ್, ಸಾಧ್ಯವಾದರೆ ಇನ್ನೊಂದು ಪ್ರೊಪೆಲರ್ ಮನೆಯಲ್ಲಿಡಿ.

ಪ್ಲಗ್ ಓದಲು ಕಲಿತರೆ ಅರ್ಧ ಎಂಜಿನ್ ತಿಳಿದ ಹಾಗೆ. ತುದಿ ಕಾಫಿ ಬಣ್ಣ ಇದ್ದರೆ ಮಿಶ್ರಣ ಸರಿ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಎಂಜಿನ್ ಬಿಸಿಯಾಗುತ್ತಿದೆ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿ. ಕೊಡಗಿನಿಂದ ಕರಾವಳಿಗೆ ಇಳಿಯುವವರು ಇದನ್ನು ಮರೆಯಲೇಬಾರದು. ಮಡಿಕೇರಿಯ ತೆಳು ಗಾಳಿಗೆ ಕಾರ್ಬುರೇಟರಿನ ಸೂಜಿ ತಿರುಗಿಸಿ ಟ್ಯೂನ್ ಮಾಡಿದ ಎಂಜಿನ್ನನ್ನು ಹಾಗೇ ಕಣ್ಣೂರಿನ ತೀರದಲ್ಲಿ ಪೂರ್ತಿ ಥ್ರಾಟಲಿಗೆ ಹಾಕಿದರೆ, ಅಲ್ಲಿನ ದಟ್ಟ ಗಾಳಿಗೆ ಪೆಟ್ರೋಲ್ ಸಾಲುವುದಿಲ್ಲ. ಬಿಸಿಯಾಗಿ ಸೀಜ್ ಆಗುತ್ತದೆ. ಅಲ್ಲಿಂದ ಇಲ್ಲಿಗೆ ತಂದದ್ದು ಗೊಗ್ಗರು ಗೊಗ್ಗರಾಗಿ ಓಡುತ್ತದೆ, ಹೊಗೆ ಜಾಸ್ತಿ, ಶಕ್ತಿ ಕಡಿಮೆ, ಆದರೆ ಅದು ಅಷ್ಟು ಅಪಾಯವಲ್ಲ. ಘಾಟಿ ಇಳಿದ ಮೇಲೆ ಮತ್ತೆ ಟ್ಯೂನ್ ಮಾಡಿಯೇ ಹಾರಿ.

ಪೆಟ್ರೋಲ್ ವಿಚಾರ ಇನ್ನೂ ಮುಖ್ಯ. ಈಗ ಬಂಕ್‌ಗಳಲ್ಲಿ ಬರುವುದು ಹೆಚ್ಚಾಗಿ ಇ20, ಅಂದರೆ ಇಪ್ಪತ್ತು ಪರ್ಸೆಂಟ್ ಎಥನಾಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ. ಕೊಡಗಿನ ತೇವದಲ್ಲಿ ಕ್ಯಾನ್ ಅರ್ಧ ಖಾಲಿ ಬಿಟ್ಟರೆ ನೀರು ಸೇರುತ್ತಾ ಹೋಗಿ, ಒಂದು ಹಂತದಲ್ಲಿ ಎಥನಾಲ್ ಮತ್ತು ನೀರು ಬೇರೆಯಾಗಿ ತಳಕ್ಕೆ ಕೂರುತ್ತವೆ. ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಪೈಪ್ ಎಳೆಯುವುದು ತಳದ್ದನ್ನು, ಅಂದರೆ ಆಯಿಲ್ ಇಲ್ಲದ್ದನ್ನು. ರಬ್ಬರ್ ಪೈಪ್, ಡಯಾಫ್ರಮ್ ಬೇಗ ಹಾಳಾಗುವುದೂ ಇದರಿಂದಲೇ. ಅದಕ್ಕೇ ಅವತ್ತಿಗೆ ಬೇಕಾದಷ್ಟೇ ಮಿಕ್ಸ್ ಮಾಡಿ. ಉಳಿದದ್ದನ್ನು ವೀಡ್ ಕಟ್ಟರಿಗೆ ಹಾಕಿಬಿಡಿ. ಲೆಕ್ಕ ಸುಲಭ: ಪೆಟ್ರೋಲ್ 50ಕ್ಕೆ ಆಯಿಲ್ 1 ಅಂದರೆ ಲೀಟರಿಗೆ 20 ಎಂಎಲ್, 5 ಲೀಟರಿಗೆ 100 ಎಂಎಲ್. 40ಕ್ಕೆ 1 ಅಂದರೆ 5 ಲೀಟರಿಗೆ 125. ನಿಮ್ಮ ಎಂಜಿನ್ನಿಗೆ ಯಾವುದು ಅನ್ನುವುದು ಅದರ ಪುಸ್ತಕದಲ್ಲಿದೆ. ಒಳ್ಳೆಯ ಸಿಂಥೆಟಿಕ್ ಟೂ-ಟಿ (ಟೂ ಸ್ಟ್ರೋಕ್) ಆಯಿಲೇ ಇರಲಿ, ಅಳತೆ ಬಾಟಲಿಯಲ್ಲೇ ಅಳೆಯಿರಿ, ಕಣ್ಣಂದಾಜು ಬೇಡ.

ಮೇ ಕೊನೆಗೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಕಾರ್ಬುರೇಟರಿನಲ್ಲಿದ್ದದ್ದೂ ಮುಗಿಯುವ ತನಕ ಎಂಜಿನ್ ಓಡಿಸಿ ನಿಲ್ಲಿಸಿ. ಪ್ಲಗ್ ತೆಗೆದು ಸ್ವಲ್ಪ ಟೂ-ಟಿ ಆಯಿಲ್ ಬಿಟ್ಟು ಹಗ್ಗವನ್ನು ಮೆಲ್ಲಗೆ ಎರಡು ಮೂರು ಸಲ ಎಳೆಯಿರಿ. ಏರ್ ಬಾಕ್ಸ್, ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ತೆಗೆಯಲು ನೆನಪಾಗುವ ಹಾಗೆ ಥ್ರಾಟಲಿಗೆ ಒಂದು ಚೀಟಿ ಕಟ್ಟಿ. ವಿಂಗನ್ನು ಎಂಜಿನ್ ಇರುವ ಶೆಡ್ಡಿನಲ್ಲಿ ಇಡಬೇಡಿ, ಪೆಟ್ರೋಲ್ ವಾಸನೆಯೂ ಬೂಷ್ಟೂ ಎರಡೂ ಕೆಟ್ಟವು. ಮನೆಯೊಳಗಿನ ಒಣ ಕೋಣೆಯಲ್ಲಿ ಸಡಿಲವಾಗಿ ಮಡಚಿಡಿ. ರಿಸರ್ವ್ ಪ್ಯಾರಾಚೂಟನ್ನು ಪ್ರತಿ ಮಳೆಗಾಲದ ನಂತರ ಬಿಚ್ಚಿಸಿ, ಒಣಗಿಸಿ, ಬಲ್ಲವರಿಂದ ಮತ್ತೆ ಪ್ಯಾಕ್ ಮಾಡಿಸಿ.

ಅನುಮತಿ, ಆನೆ, ಮತ್ತು ತೋಟದವರು

2022ರ ಜೂನ್‌ನಲ್ಲಿ ಬಂದ ರಾಷ್ಟ್ರೀಯ ಏರ್ ಸ್ಪೋರ್ಟ್ಸ್ ನೀತಿಯಡಿ ಪವರ್ಡ್ ಪ್ಯಾರಾಗ್ಲೈಡಿಂಗ್, ಅಂದರೆ ಪ್ಯಾರಾಮೋಟರ್ ಕೂಡ ಸೇರಿದೆ. ಜಿಲ್ಲಾಡಳಿತ, ಪೊಲೀಸ್, ಜಾಗದ ಮಾಲೀಕರು, ಮೂವರಿಗೂ ಮೊದಲೇ ತಿಳಿಸಿ, ಒಪ್ಪಿಗೆ ಬರಹದಲ್ಲೇ ಪಡೆಯಿರಿ. ವಿರಾಜಪೇಟೆ ಕಡೆಯವರು 2018ರ ಡಿಸೆಂಬರಿನಿಂದ ಕಣ್ಣೂರು ವಿಮಾನ ನಿಲ್ದಾಣ ಓಡುತ್ತಿದೆ ಅನ್ನುವುದನ್ನು ನೆನಪಿಡಿ. ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿಯ ಕಾಡಿನ ಮೇಲೆ ಹೋಗಲೇಬೇಡಿ. ತೋಟದೊಳಗೆ ಆನೆ ಹಿಂಡು ಕಂಡರೆ ದೂರದಿಂದಲೇ ತಿರುಗಿ. ನಮ್ಮ ಸದ್ದಿಗೆ ಬೆದರಿದ ಹಿಂಡು ಓಡುವುದು ಕಾಫಿ ಕೊಯ್ಯುತ್ತಿರುವವರ ಕಡೆಗೆ, ಕಾರ್ಮಿಕರ ಲೈನ್ ಮನೆಗಳ ಕಡೆಗೆ.

ಈಗ ದುಡ್ಡು

ಯೂರೋಪಿನಲ್ಲೇ ಹೊಸ ಎಂಜಿನ್ ಸೆಟ್ಟಿಗೆ ಸುಮಾರು 5ರಿಂದ 8 ಸಾವಿರ ಯೂರೋ, ವಿಂಗಿಗೆ 2,500ರಿಂದ 3,500 ಯೂರೋ. ಇಲ್ಲಿಗೆ ತರಿಸಿದರೆ ಸಾಗಣೆ, ಸುಂಕ, ಜಿಎಸ್‌ಟಿ ಮೇಲೆ ಬೀಳುತ್ತವೆ. ಇದರ ಪಕ್ಕದಲ್ಲಿಟ್ಟು ನೋಡಿದರೆ ಪೂರ್ತಿ ತರಬೇತಿಯ ಖರ್ಚು ಸಣ್ಣದು.

ಕೈಯಲ್ಲಿ ಸಾಕಷ್ಟು ಇದ್ದರೆ: ಪ್ಯಾರಾಗ್ಲೈಡಿಂಗ್ ಮೊದಲು, ಮೋಟರ್ ಕೋರ್ಸ್ ಆಮೇಲೆ, ನಿಮ್ಮ ತೂಕಕ್ಕೆ ಸರಿಯಾದ ಹೊಸ ಎಂಜಿನ್, ಹೊಸ ವಿಂಗ್, ರಿಸರ್ವ್, ಫ್ಲೋಟ್. ನಡುವಿನವರು ಎಂಜಿನ್ನನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಬಹುದು. ಪಿಸ್ಟನ್, ರಿಂಗ್ ಹೊಸದು ಹಾಕಿಸುವ ಖರ್ಚನ್ನು ಮೊದಲೇ ಬೆಲೆಯಲ್ಲಿ ಸೇರಿಸಿಕೊಳ್ಳಿ. ವಿಂಗ್ ಮತ್ತು ರಿಸರ್ವ್‌ನಲ್ಲಿ ಮಾತ್ರ ಚೌಕಾಸಿ ಬೇಡ.

ದುಡ್ಡು ಕಡಿಮೆ ಇರುವ ಹುಡುಗರಿಗೆ ಹೇಳುವುದು: ಈ ವರ್ಷ ಎಂಜಿನ್ ಮರೆತುಬಿಡಿ. ಅಕ್ಟೋಬರಿನಲ್ಲಿ ಪ್ಯಾರಾಗ್ಲೈಡಿಂಗ್ ಕೋರ್ಸ್ ಮಾಡಿ ಬನ್ನಿ. ಸುಲಭ ದರ್ಜೆಯ, ಪರೀಕ್ಷೆ ಮಾಡಿಸಿದ ಹಳೆಯ ವಿಂಗ್, ಮೋಟರಿಗೂ ಆಗುವಂಥದ್ದು ಕೊಳ್ಳಿ. ಕೊಯ್ಲಾದ ಗದ್ದೆಯಲ್ಲಿ ಜನವರಿ ಪೂರ್ತಿ ನೆಲದ ಮೇಲೆ ಅದನ್ನು ಹಿಡಿದು ಆಡಿಸಿ. ಜೊತೆಗೆ ಮನೆಯ ವೀಡ್ ಕಟ್ಟರಿನ ಕಾರ್ಬುರೇಟರನ್ನು ನೀವೇ ಬಿಚ್ಚಿ, ತೊಳೆದು, ಜೋಡಿಸಿ, ಅದು ಓಡುವ ತನಕ ಬಿಡಬೇಡಿ. ಇವೆರಡೂ ಕೈಗೆ ಬಂದ ಮೇಲೆ ಮುಂದಿನ ಸೀಸನ್ನಿಗೆ ಎಂಜಿನ್ ನೋಡಲು ಹೊರಡಿ. ಅಷ್ಟು ಹೊತ್ತಿಗೆ ಮಾರುವವರಿಗೆ ಏನು ಕೇಳಬೇಕು ಅಂತ ನಿಮಗೇ ಗೊತ್ತಿರುತ್ತದೆ.